ಬಯಲಿಗೆ ಬಿಟ್ಟ ವಿಕಿರಣದ ವರದಿ ತಲುಪಬೇಕಾದದ್ದು ಯಾರಿಗೆ?

ಅಣುಶಕ್ತಿಯ ಕಾನೂನುಗಳು ಎರಡು ದೇಶಗಳಲ್ಲಿ ಬಹುತೇಕ ಒಂದೇ ಸಮಯಕ್ಕೆ ಬದಲಾಗುತ್ತಿವೆ. 2025ರ ಮೇ 23ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆದೇಶವೊಂದಕ್ಕೆ ಸಹಿ ಹಾಕಿ, ಅಲ್ಲಿನ ಪರಮಾಣು ನಿಯಂತ್ರಣ ಆಯೋಗವು ತನ್ನ ನಿಯಮಗಳನ್ನು 18 ತಿಂಗಳೊಳಗೆ ಸಮಗ್ರವಾಗಿ ಪರಿಷ್ಕರಿಸಬೇಕೆಂದು ಸೂಚಿಸಿದರು. ವಿಕಿರಣ ಎಷ್ಟೇ ಕಡಿಮೆಯಾದರೂ ಅದಕ್ಕೆ ತಕ್ಕಷ್ಟು ಅಪಾಯ ಇದ್ದೇ ಇದೆ ಎಂಬ ಹಳೆಯ ಆಧಾರಸೂತ್ರವನ್ನೇ ಮರುಪರಿಶೀಲಿಸಬೇಕೆಂಬ ಮಾತೂ ಅದರಲ್ಲಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಸಂಸತ್ತು ‘ಶಾಂತಿ’ ಎಂಬ ಹ್ರಸ್ವನಾಮದ ಹೊಸ ಅಣುಶಕ್ತಿ ಮಸೂದೆಗೆ ಒಪ್ಪಿಗೆ ನೀಡಿತು. 1962ರ ಅಣುಶಕ್ತಿ ಕಾಯ್ದೆ ಮತ್ತು 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆಗಳ ಜಾಗಕ್ಕೆ ಅದು ಬಂದಿದೆ.

ಇಲ್ಲಿ ನಡೆದ ಚರ್ಚೆಯೆಲ್ಲ ಖಾಸಗಿ ಕಂಪನಿಗಳು ಸ್ಥಾವರ ಕಟ್ಟುವುದರ ಸುತ್ತ, ಅಪಘಾತವಾದರೆ ಪರಿಹಾರ ಯಾರು ಕೊಡಬೇಕೆಂಬುದರ ಸುತ್ತ ತಿರುಗಿತು. ಅವು ದೊಡ್ಡ ಪ್ರಶ್ನೆಗಳೇ. ಆದರೆ ಹೊಸ ಕಾನೂನಿನಲ್ಲಿ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯದ ಕೆಲವು ಚಟುವಟಿಕೆಗಳಿಗೆ ಪರವಾನಗಿಯಿಂದ ಸೀಮಿತ ವಿನಾಯಿತಿಯೂ ಇದೆ. ಕೆಲವು ಮಾಹಿತಿಯನ್ನು ‘ನಿರ್ಬಂಧಿತ’ ಎಂದು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿದೆ. ಈ ಎರಡನ್ನೂ ಒಟ್ಟಿಗೆ ಓದಿದವರಲ್ಲಿ ಒಂದು ಸಂಶಯ ಹುಟ್ಟುವುದು ಸಹಜ: ವಿಜ್ಞಾನಿಗಳು ಸಂಶೋಧನೆಗಾಗಿ ವಿಕಿರಣಶೀಲ ವಸ್ತುವನ್ನು ಹೊಲಕ್ಕೋ ಹೊಳೆಗೋ ಕಡಲಿಗೋ ಬಿಟ್ಟರೆ ಅದನ್ನು ಯಾರಿಗೆ ಹೇಳಬೇಕು? ಹೇಳಲೇಬೇಕೆ?

ಹಾಗೆ ಬಿಡುವುದುಂಟೇ ಎಂದು ಅಚ್ಚರಿಪಡುವವರೂ ಇರಬಹುದು. ಆದ್ದರಿಂದ ಅಲ್ಲಿಂದಲೇ ಶುರುಮಾಡಬೇಕು.

ಸಂಶೋಧನೆಗೆ ವಿಕಿರಣ ಏಕೆ ಬೇಕು

ಮಳೆಗಾಲದಲ್ಲಿ ನೆಲಕ್ಕೆ ಬಿದ್ದ ನೀರಿನಲ್ಲಿ ಎಷ್ಟು ಪಾಲು ಅಂತರ್ಜಲ ಸೇರುತ್ತದೆ? ಕೊಳವೆಬಾವಿಗಳನ್ನೇ ನಂಬಿ ಬದುಕುವ ಬಯಲುಸೀಮೆಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಇದಕ್ಕೆ ಟ್ರಿಟಿಯಂ ಬಳಸಿ ಉತ್ತರ ಹುಡುಕಿದ್ದಾರೆ. ಟ್ರಿಟಿಯಂ ಎಂದರೆ ಹೈಡ್ರೋಜನ್ನಿನ ವಿಕಿರಣಶೀಲ ರೂಪ. ಅದು ನೀರಿನ ಅಣುವಿನಲ್ಲೇ ಸೇರಿಕೊಳ್ಳುವುದರಿಂದ ನೀರು ಹೋದಲ್ಲೆಲ್ಲ ಹೋಗುತ್ತದೆ. ಮುಂಗಾರಿಗೆ ಮುಂಚೆ ಬೇರುಗಳ ಮಟ್ಟಕ್ಕಿಂತ ಕೆಳಗೆ ಸಣ್ಣ ರಂಧ್ರ ಕೊರೆದು ಟ್ರಿಟಿಯಂ ಬೆರೆತ ಸ್ವಲ್ಪ ನೀರನ್ನು ಇಳಿಸುತ್ತಾರೆ. ಮಳೆಗಾಲ ಮುಗಿದ ಮೇಲೆ ಅದೇ ಜಾಗದಲ್ಲಿ ಹಂತಹಂತವಾಗಿ ಮಣ್ಣು ತೆಗೆದು, ಟ್ರಿಟಿಯಂ ಎಷ್ಟು ಆಳಕ್ಕೆ ಸರಿದಿದೆ, ಆ ಮಣ್ಣಿನಲ್ಲಿ ತೇವ ಎಷ್ಟಿದೆ ಎಂದು ಅಳೆಯುತ್ತಾರೆ. ಈ ಎರಡು ಅಂಕಿಗಳಿಂದ ಆ ವರ್ಷದ ಮರುಪೂರಣದ ಲೆಕ್ಕ ಸಿಗುತ್ತದೆ.

ಬಂದರುಗಳಲ್ಲಿ ಇನ್ನೊಂದು ಬಗೆ. ಹಡಗಿನ ದಾರಿಯಿಂದ ತೆಗೆದ ಹೂಳನ್ನು ಕಡಲಿನಲ್ಲಿ ಎಲ್ಲಿ ಸುರಿದರೆ ಅದು ಅಲೆಗೆ ಸಿಕ್ಕಿ ಮತ್ತೆ ಅದೇ ದಾರಿಗೆ ಮರಳುವುದಿಲ್ಲ? ಇದನ್ನು ತಿಳಿಯಲು ಭಾಭಾ ಅಣು ಸಂಶೋಧನಾ ಕೇಂದ್ರದವರು ಸ್ಕ್ಯಾಂಡಿಯಂ ಬೆರೆತ ಗಾಜನ್ನು ಹೂಳಿನ ಕಣಗಳಷ್ಟೇ ಸಣ್ಣದಾಗಿ ಪುಡಿಮಾಡಿ, ರಿಯಾಕ್ಟರಿನಲ್ಲಿಟ್ಟು ವಿಕಿರಣಶೀಲವಾಗಿಸಿ ಕಡಲತಳಕ್ಕೆ ಬಿಡುತ್ತಾರೆ. ಆಮೇಲೆ ದೋಣಿಯ ಹಿಂದೆ ಪತ್ತೆಯಂತ್ರ ಎಳೆಯುತ್ತ ಅದು ಯಾವ ಕಡೆಗೆ ಚಲಿಸಿತೆಂದು ನೋಡುತ್ತಾರೆ. ಹೀಗೆ ಹುಟ್ಟುವ ಸ್ಕ್ಯಾಂಡಿಯಂ-46ರ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 84 ದಿನ. ಎರಡು ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಇವು ಉಪಯುಕ್ತವಾದ ಕೆಲಸಗಳು. ಬಳಸುವ ಪ್ರಮಾಣವೂ ಕಡಿಮೆ. ಹಾಗಿದ್ದ ಮೇಲೆ ವರದಿಯ ಬಗ್ಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದರೆ, ಅಲಾಸ್ಕದಲ್ಲಿ ನಡೆದದ್ದನ್ನು ವಿವರವಾಗಿ ನೋಡಬೇಕು.

1962ರ ಬೇಸಿಗೆಯಲ್ಲಿ ಒಂದು ಕಣಿವೆ

ಅಲಾಸ್ಕದ ವಾಯವ್ಯ ಕರಾವಳಿಯಲ್ಲಿ ಕೇಪ್ ಥಾಂಪ್ಸನ್ ಎಂಬ ಜಾಗವಿದೆ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಇನುಪಿಯಾಟ್ ಮೂಲನಿವಾಸಿಗಳ ಪಾಯಿಂಟ್ ಹೋಪ್ ಗ್ರಾಮ. ತಿಮಿಂಗಿಲ, ಸೀಲ್ ಮತ್ತು ಕ್ಯಾರಿಬೂ ಜಿಂಕೆಗಳ ಬೇಟೆ ಅವರ ಜೀವನಾಧಾರ. 1958ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗವು ಇಲ್ಲಿ ಹೈಡ್ರೋಜನ್ ಬಾಂಬುಗಳನ್ನು ಸಿಡಿಸಿ ಬಂದರು ತೋಡುವ ಯೋಜನೆ ಹಾಕಿತು. ಅದರ ಹೆಸರು ‘ಪ್ರಾಜೆಕ್ಟ್ ಚಾರಿಯಟ್’. ಅದರ ಪರವಾಗಿ ಓಡಾಡಿದವರಲ್ಲಿ ಪ್ರಮುಖರು ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್. ಗ್ರಾಮಸ್ಥರು ಆರಂಭದಿಂದಲೇ ವಿರೋಧಿಸಿದರು. 1961ರಲ್ಲಿ ಅಧ್ಯಕ್ಷ ಕೆನಡಿಯವರಿಗೆ ಪತ್ರ ಬರೆದರು. ಆಯೋಗವೇ ನೇಮಿಸಿದ್ದ ಜೀವವಿಜ್ಞಾನಿಗಳು ಇನ್ನೊಂದು ಸಂಗತಿಯತ್ತ ಬೆರಳು ತೋರಿದರು: ಬಾಂಬಿನ ದೂಳು ಕಲ್ಲುಹೂವಿನ ಮೇಲೆ ಕೂರುತ್ತದೆ, ಕ್ಯಾರಿಬೂ ಅದನ್ನು ಮೇಯುತ್ತದೆ, ಜನ ಕ್ಯಾರಿಬೂ ತಿನ್ನುತ್ತಾರೆ. ಹೀಗೆ ಎಚ್ಚರಿಸಿದ ವಿಲಿಯಂ ಪ್ರೂಯಿಟ್ ಮತ್ತು ಲೆಸ್ಲಿ ವಿಯೆರೆಕ್ ಅಲಾಸ್ಕ ವಿಶ್ವವಿದ್ಯಾಲಯದಲ್ಲಿ ತಮ್ಮ ಕೆಲಸ ಕಳೆದುಕೊಂಡರು. ಅದೇ ವಿಶ್ವವಿದ್ಯಾಲಯ 1993ರಲ್ಲಿ ಇಬ್ಬರಿಗೂ ಗೌರವ ಪದವಿ ನೀಡಿತು. ಯೋಜನೆಯನ್ನು 1962ರಲ್ಲಿ ಬದಿಗಿಡಲಾಯಿತು.

ಬಾಂಬು ಸಿಡಿಯಲಿಲ್ಲ. ಆದರೂ ವಿಕಿರಣಶೀಲ ವಸ್ತು ಆ ಕಣಿವೆಗೆ ಬಂದಿತು. 1962ರ ಜುಲೈ 6ರಂದು ನೆವಾಡದಲ್ಲಿ ‘ಸೆಡಾನ್’ ಎಂಬ 104 ಕಿಲೋಟನ್ ಸಾಮರ್ಥ್ಯದ ಸ್ಫೋಟ ನಡೆದಿತ್ತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ತಂಡವೊಂದು ಅಲ್ಲಿ ಬಿದ್ದ ವಿಕಿರಣಶೀಲ ಮಣ್ಣನ್ನೂ ಪ್ರತ್ಯೇಕವಾಗಿ ತಯಾರಿಸಿದ ಐಸೊಟೋಪುಗಳನ್ನೂ (ಧಾತುಗಳ ವಿಕಿರಣಶೀಲ ರೂಪಗಳನ್ನೂ) ಅಲಾಸ್ಕಕ್ಕೆ ಸಾಗಿಸಿ, ಆಗಸ್ಟ್ ತಿಂಗಳಲ್ಲಿ ಒಗೊಟೊರುಕ್ ತೊರೆಯ ಬದಿಯ ಸಣ್ಣ ತಾಕುಗಳಲ್ಲಿ ಹರಡಿ ಮೇಲಿಂದ ನೀರು ಚಿಮುಕಿಸಿತು. ಹಿಮನಾಡಿನ ನೆಲದಲ್ಲಿ ವಿಕಿರಣಶೀಲ ಕಣಗಳು ನೀರಿನೊಡನೆ ಎಷ್ಟು ದೂರ ಸಾಗುತ್ತವೆ ಎಂಬುದು ಅವರ ಪ್ರಶ್ನೆ. ಬಳಸಿದ ಒಟ್ಟು ಪ್ರಮಾಣ ಸುಮಾರು 26 ಮಿಲಿಕ್ಯೂರಿ (ವಿಕಿರಣಶೀಲತೆಯ ಹಳೆಯ ಮಾನ): ಸೀಸಿಯಂ-137, ಅಯೊಡಿನ್-131, ಸ್ಟ್ರಾನ್ಷಿಯಂ-85 ಮತ್ತು ಸ್ಫೋಟದಲ್ಲಿ ಹುಟ್ಟಿದ ಮಿಶ್ರ ವಸ್ತುಗಳು. ಪ್ರಯೋಗ ಮುಗಿದ ಮೇಲೆ ಆ ಮಣ್ಣನ್ನೆಲ್ಲ ಕೆರೆದು ಒಂದೆಡೆ ಗುಡ್ಡೆ ಹಾಕಿ, ಮೇಲೆ ಬೇರೆ ಮಣ್ಣು ಮುಚ್ಚಿ ಹೊರಟರು. ಅಲ್ಲಿ ಒಂದು ಫಲಕವನ್ನೂ ನೆಡಲಿಲ್ಲ. ಪಾಯಿಂಟ್ ಹೋಪ್‌ನವರಿಗೆ ತಿಳಿಸಲಿಲ್ಲ.

ಇದು ಹೊರಬಿದ್ದದ್ದು 1992ರಲ್ಲಿ, ಅಲಾಸ್ಕ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಹಳೆಯ ಕಡತಗಳನ್ನು ಓದುತ್ತಿದ್ದಾಗ. ಮೂವತ್ತು ವರ್ಷ ಆ ಗುಡ್ಡೆಯ ಆಸುಪಾಸಿನಲ್ಲಿ ಜನ ಬೇಟೆಯಾಡಿದ್ದರು. ಗ್ರಾಮ ಕೆರಳಿತು. ಊರಿನಲ್ಲಿ ಕಂಡ ಪ್ರತಿ ಕ್ಯಾನ್ಸರಿನ ಹಿಂದೆಯೂ ಈಗ ಒಂದು ಪ್ರಶ್ನೆ ನಿಂತಿತು. 1993ರಲ್ಲಿ ಅಮೆರಿಕದ ಇಂಧನ ಇಲಾಖೆ ಆ ಮಣ್ಣನ್ನು ಅಗೆಸಿ ನೆವಾಡಕ್ಕೆ ಸಾಗಿಸಿತು.

ಅಂಕಿಗಳು ಹೇಳುವುದೇನು

ಗೊಂದಲ ಹುಟ್ಟುವುದು ಇಲ್ಲೇ. 26 ಮಿಲಿಕ್ಯೂರಿಯನ್ನು ಇಂದಿನ ಮಾನದಲ್ಲಿ ಬರೆದರೆ 96 ಕೋಟಿ ಬೆಕ್ವೆರೆಲ್. ಓದಿದವರ ಎದೆ ನಡುಗುವ ಸಂಖ್ಯೆ ಅದು. ಆದರೆ ಬೆಕ್ವೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವುದು, ಅಷ್ಟೇ; ಬಹಳ ಚಿಕ್ಕ ಮಾನ. ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಒಬ್ಬ ರೋಗಿಗೆ ಒಂದೇ ಸಲಕ್ಕೆ 100 ಮಿಲಿಕ್ಯೂರಿಯಷ್ಟು ಅಯೊಡಿನ್-131 ನುಂಗಿಸುವುದುಂಟು. ಅಂದರೆ ಇಡೀ ಅಲಾಸ್ಕ ಪ್ರಯೋಗದ ಸುಮಾರು ನಾಲ್ಕು ಪಟ್ಟು.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಅಯೊಡಿನ್-131ರ ಅರ್ಧಾಯು ಎಂಟು ದಿನ. ಕಣಿವೆಗೆ ಸುರಿದದ್ದು ಮೂರು ತಿಂಗಳಲ್ಲಿ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಾಗಿತ್ತು. ಸ್ಟ್ರಾನ್ಷಿಯಂ-85ರದು 65 ದಿನ. ಉಳಿದದ್ದು ಮುಖ್ಯವಾಗಿ ಸೀಸಿಯಂ-137. ಅದರ ಅರ್ಧಾಯು 30 ವರ್ಷ. 1962ರಲ್ಲಿ ಪ್ರತ್ಯೇಕವಾಗಿ ತಂದ ಸೀಸಿಯಂ 6 ಮಿಲಿಕ್ಯೂರಿ ಇದ್ದರೆ, ಗುಟ್ಟು ಬಯಲಾದಾಗ ಅದರಲ್ಲಿ 3 ಉಳಿದಿತ್ತು. ಅದೂ ಮಣ್ಣಿನಡಿ.

ಹಾಗಾದರೆ ಅಧಿಕಾರಿಗಳು ‘ಅಪಾಯ ತೀರಾ ಕಡಿಮೆ’ ಎಂದದ್ದು ಸುಳ್ಳೇ? ಪ್ರಮಾಣದ ಮಟ್ಟಿಗೆ ಅಲ್ಲ. ಗ್ರಾಮಸ್ಥರ ಆಕ್ರೋಶ ಅಜ್ಞಾನವೇ? ಅದೂ ಅಲ್ಲ. ಮೂವತ್ತು ವರ್ಷ ಬಾಯಿಬಿಡದವರು ಈಗ ಕೊಡುವ ಅಂಕಿಯನ್ನು ನಂಬಬೇಕಾದ ಇಕ್ಕಟ್ಟಿಗೆ ಆ ಜನ ಸಿಲುಕಿದ್ದರು. ಅಳತೆ ಮಾಡಿದವರೂ ಹೂಳಿದವರೂ ಮುಚ್ಚಿಟ್ಟವರೂ ಒಂದೇ ಸರ್ಕಾರದವರು. ನಿಜವಾದ ಅಂಕಿಯೂ ಅಲ್ಲಿ ಬೆಲೆ ಕಳೆದುಕೊಂಡಿತು.

ಅದೇ 1962ರಲ್ಲಿ, ಅಮೆರಿಕದ ಇನ್ನೊಂದು ತುದಿಯಲ್ಲಿರುವ ಟೆನೆಸಿಯ ಓಕ್ ರಿಜ್ ಪ್ರಯೋಗಾಲಯದ ವಿಜ್ಞಾನಿಗಳು ಕಾಡಿನ ಮರಗಳ ಕಾಂಡಕ್ಕೆ ಸೀಸಿಯಂ-137 ಸೇರಿಸಿ ಅದು ಎಲೆ, ತರಗು, ಮಣ್ಣು, ಹುಳುಹುಪ್ಪಟೆಗಳಲ್ಲಿ ಹೇಗೆ ಸಂಚರಿಸುತ್ತದೆಂದು ನೋಡಿದರು. ಬಳಸಿದ್ದು ನಾನೂರಕ್ಕೂ ಹೆಚ್ಚು ಮಿಲಿಕ್ಯೂರಿ, ಅಂದರೆ ಅಲಾಸ್ಕದ ಒಟ್ಟು ಪ್ರಮಾಣದ ಹದಿನೈದು ಪಟ್ಟಿಗೂ ಮಿಗಿಲು. ಆ ತಾಕು ಎಲ್ಲಿದೆ, ಏನು ಹಾಕಿದರು ಎಂಬುದೆಲ್ಲ ಪ್ರಕಟವಾಗಿತ್ತು. ದಶಕಗಳ ಕಾಲ ಅದನ್ನು ಮತ್ತೆ ಮತ್ತೆ ಅಳೆಯಲಾಯಿತು. ಅಲ್ಲಿ ಯಾರೂ ವಾಸವಿರಲಿಲ್ಲ, ಅದು ಸರ್ಕಾರದ ಮುಚ್ಚಿದ ಆವರಣ ಎಂಬ ವ್ಯತ್ಯಾಸ ನಿಜ. ಆದರೆ ಜನ ಓಡಾಡದ ಕಾಡಿಗೆ ಸಿಕ್ಕ ದಾಖಲೆ, ಜನ ಬೇಟೆಯಾಡುವ ಕಣಿವೆಗೆ ಸಿಗಲಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಈ ಹೋಲಿಕೆಯ ತಿರುಳು.

ಅವಘಡವಲ್ಲದ್ದರಿಂದಲೇ ವರದಿಯಿಲ್ಲ

ಇಂದು ಹಾಗಾಗಲು ಸಾಧ್ಯವೇ? ಅಮೆರಿಕದಲ್ಲಿ ನಿಯಮಗಳು ಬಹಳ ಬಿಗಿಯಾಗಿವೆ. ವಿಕಿರಣಶೀಲ ವಸ್ತು ಕಳೆದುಹೋದರೆ, ಅದರ ಪ್ರಮಾಣ ನಿಗದಿತ ಮಿತಿಯನ್ನು ದಾಟಿದ್ದರೆ ಕೂಡಲೇ ಫೋನ್ ಮಾಡಿ ತಿಳಿಸಬೇಕು. ಇನ್ನೂ ಸಣ್ಣ ಪ್ರಮಾಣಕ್ಕೆ 30 ದಿನಗಳ ಗಡುವು. ಸಾರ್ವಜನಿಕರಿಗೆ ತಗಲುವ ವಿಕಿರಣ ವರ್ಷಕ್ಕೆ ಒಂದು ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಮಾನ) ದಾಟಬಾರದು. ಭಾರತದ ಮಿತಿಯೂ ಅಷ್ಟೇ. ಪ್ರಕೃತಿಯಿಂದಲೇ ನಮಗೆ ಸಿಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಎಂದು ನೆನೆದರೆ ಇದು ಕಟ್ಟುನಿಟ್ಟಿನ ಮಿತಿಯೇ.

ಆದರೆ ಈ ಇಡೀ ವ್ಯವಸ್ಥೆ ಅವಘಡವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಕಳವು, ಸೋರಿಕೆ, ಮಿತಿ ಮೀರುವಿಕೆ ಆದರೆ ಗಂಟೆ ಬಾರಿಸುತ್ತದೆ. ಕ್ಷೇತ್ರ ಸಂಶೋಧನೆಯಲ್ಲಿ ವಸ್ತುವನ್ನು ಉದ್ದೇಶಪೂರ್ವಕವಾಗಿ, ಅನುಮತಿ ಪಡೆದು, ಮಿತಿಯೊಳಗೇ ಬಿಡುತ್ತಾರೆ. ಎಲ್ಲವೂ ಯೋಜನೆಯಂತೆ ನಡೆದರೆ ಅದು ‘ಘಟನೆ’ಯೇ ಅಲ್ಲ. ಘಟನೆಯಲ್ಲದ್ದಕ್ಕೆ ತುರ್ತು ವರದಿ ಇಲ್ಲ. ಅರ್ಜಿಯಲ್ಲಿ ವಿವರ ಇರುತ್ತದೆ, ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಇರುತ್ತದೆ, ನಿಯಂತ್ರಕರ ಕಡತದಲ್ಲಿ ಇರುತ್ತದೆ. ಆ ನೆಲದ ಮೇಲೆ ಓಡಾಡುವವರ ಬಳಿಗೆ ಮಾತ್ರ ಬರುವುದಿಲ್ಲ. ಸಂಸ್ಥೆಯಿಂದ ನಿಯಂತ್ರಕರಿಗೆ ಹೋಗುವ ದಾರಿ ಸಿದ್ಧವಾಗಿದೆ. ಅಲ್ಲಿಂದ ಊರಿಗೆ ಬರುವ ದಾರಿಯನ್ನು ಯಾರೂ ಮಾಡಿಲ್ಲ.

ನಮ್ಮಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ. 1987ರ ವಿಕಿರಣಶೀಲ ತ್ಯಾಜ್ಯ ವಿಲೇವಾರಿ ನಿಯಮಗಳು, 2004ರ ವಿಕಿರಣ ರಕ್ಷಣಾ ನಿಯಮಗಳು ಇವೆ. ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು, ದಾಖಲೆ ಇಡಬೇಕು ಎಂಬ ಕಟ್ಟುಪಾಡುಗಳೂ ಇವೆ. ಕೊರತೆ ಇದ್ದದ್ದು ಮಂಡಳಿಯ ಸ್ವಾತಂತ್ರ್ಯದಲ್ಲಿ. 2012ರಲ್ಲಿ ಮಹಾಲೇಖಪಾಲರ ವರದಿ ಇದನ್ನೇ ಎತ್ತಿ ಹೇಳಿತ್ತು. ಹೊಸ ಕಾಯ್ದೆ ಮಂಡಳಿಗೆ ಶಾಸನಾತ್ಮಕ ಸ್ಥಾನ ಕೊಟ್ಟಿರುವುದು ಒಳ್ಳೆಯ ಹೆಜ್ಜೆ. ಅದನ್ನು ಮನಸಾರೆ ಸ್ವಾಗತಿಸಬೇಕು.

ಮಾಯಾಪುರಿಯಲ್ಲಿ ವರದಿ ಮಾಡಿದ್ದು ರೋಗಿಯ ಮೈ

ಸಂಶೋಧನೆಯ ವಸ್ತು ಪ್ರಯೋಗಾಲಯದ ಗೋಡೆ ದಾಟಿದಾಗ ನಮ್ಮಲ್ಲಿ ಏನಾಯಿತು ಎಂಬುದಕ್ಕೆ ದೆಹಲಿಯ ಮಾಯಾಪುರಿ ಸಾಕ್ಷಿ. ಅದು ಕ್ಷೇತ್ರ ಪ್ರಯೋಗವಲ್ಲ. ಆದರೆ ದಾಖಲೆ ಮತ್ತು ನೆನಪು ಎರಡೂ ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ವಿಕಿರಣಶೀಲ ಕೋಬಾಲ್ಟ್-60 ಇದ್ದ, ಪ್ರಯೋಗಕ್ಕೆ ಗಾಮಾ ಕಿರಣ ಒದಗಿಸುವ ಯಂತ್ರವೊಂದಿತ್ತು. 1985ರಿಂದ ಅದನ್ನು ಯಾರೂ ಬಳಸುತ್ತಿರಲಿಲ್ಲ. 2010ರ ಫೆಬ್ರವರಿಯಲ್ಲಿ ಅದು ಹಳೆಯ ಸಾಮಾನುಗಳೊಡನೆ ಹರಾಜಾಗಿ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಸೀಸಕ್ಕಾಗಿ ಅದನ್ನು ಒಡೆದರು. ಒಳಗಿನ ಲೋಹದ ಚೂರುಗಳು ಅಂಗಡಿಯಿಂದ ಅಂಗಡಿಗೆ ಹೋದವು. ಒಬ್ಬರು ಒಂದು ಚೂರನ್ನು ತಮ್ಮ ಪರ್ಸಿನಲ್ಲಿ ಇಟ್ಟುಕೊಂಡಿದ್ದರು.

ಏಪ್ರಿಲ್‌ನಲ್ಲಿ ಚರ್ಮ ಕಪ್ಪಾಗಿ, ಕೂದಲು ಉದುರಿ ಆಸ್ಪತ್ರೆಗೆ ಬಂದ ಗುಜರಿ ವ್ಯಾಪಾರಿಯನ್ನು ನೋಡಿದ ವೈದ್ಯರಿಗೆ ವಿಕಿರಣದ ಶಂಕೆ ಬಂತು. ನಿಯಂತ್ರಣ ಮಂಡಳಿಗೆ ಸುದ್ದಿ ಮುಟ್ಟಿದ್ದು ಅವರಿಂದ. ಏಳು ಮಂದಿ ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ತೀರಿಕೊಂಡರು. ಮೂಲ ಯಾವುದೆಂದು ಪತ್ತೆಹಚ್ಚಲು ವಾರಗಳು ಬೇಕಾದವು. ಯಂತ್ರ ಕೊಂಡ ಕಾಲದವರು ನಿವೃತ್ತರಾಗಿದ್ದರು. ಹರಾಜು ಹಾಕಿದವರಿಗೆ ಅದರೊಳಗೆ ಏನಿದೆ ಎಂಬುದರ ಅರಿವಿರಲಿಲ್ಲ. ಸೀಸಿಯಂನ ಅರ್ಧಾಯು ಮೂವತ್ತು ವರ್ಷ, ಕೋಬಾಲ್ಟಿನದು ಐದೂಕಾಲು ವರ್ಷ. ಸಂಸ್ಥೆಯ ನೆನಪು ಇದಕ್ಕಿಂತ ಬೇಗ ಕ್ಷಯಿಸಬಲ್ಲದು.

ಎರಡೂ ಕಡೆಯ ವಾದ

ಹೆಚ್ಚು ವರದಿ ಬೇಡ ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಗ್ರಾಮದಲ್ಲಿ ‘ವಿಕಿರಣ’ ಎಂಬ ಪದ ಕೇಳಿದ ಕೂಡಲೇ ಗಾಬರಿ ಹುಟ್ಟಿ, ನಿರುಪದ್ರವಿಯಾದ ಅಂತರ್ಜಲ ಅಧ್ಯಯನವೂ ನಿಂತುಹೋಗಬಹುದು ಎಂಬುದು ವಿಜ್ಞಾನಿಗಳ ಆತಂಕ. ಸಣ್ಣಪುಟ್ಟದ್ದನ್ನೆಲ್ಲ ವರದಿ ಮಾಡಿದರೆ ನಿಜವಾದ ಅಪಾಯದ ಸೂಚನೆ ಕಾಗದದ ರಾಶಿಯಲ್ಲಿ ಕಳೆದುಹೋಗುತ್ತದೆ ಎಂದು ನಿಯಂತ್ರಕರು ಹೇಳುತ್ತಾರೆ. ಭದ್ರತೆಯ ಹೊಣೆ ಹೊತ್ತವರಿಗೆ ವಸ್ತು ಎಲ್ಲಿದೆ ಎಂದು ಪ್ರಕಟಿಸಿದರೆ ಕಳ್ಳರ ಕೈಗೆ ಬೀಳುವ ಚಿಂತೆ.

ಮೂರನೆಯ ಆತಂಕ ಪ್ರಬಲ ವಿಕಿರಣ ಮೂಲಗಳಿಗೆ ಸರಿ. ಮಣ್ಣಿನಲ್ಲಿ ಬೆರೆತುಹೋದ ಟ್ರಿಟಿಯಂ ನೀರನ್ನು ಕದಿಯುವವರಿಲ್ಲ. ಎರಡನೆಯದಕ್ಕೆ ಉತ್ತರ ಸುಲಭ: ತುರ್ತು ವರದಿ ಬೇರೆ, ಸಾರ್ವಜನಿಕ ದಾಖಲೆ ಬೇರೆ. ಪ್ರಯೋಗದ ಜಾಗ, ದಿನಾಂಕ, ವಸ್ತು, ಪ್ರಮಾಣ ಇಷ್ಟನ್ನು ಪಟ್ಟಿಗೆ ಸೇರಿಸಿದರೆ ಯಾರ ಮೇಜಿನ ಮೇಲೂ ಗಂಟೆ ಬಾರಿಸಬೇಕಾಗಿಲ್ಲ.

ಗಾಬರಿಯ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. ಇದರಲ್ಲಿ ನಾನು ಪಾಯಿಂಟ್ ಹೋಪ್‌ನವರ ಪರ. ಮುಂಚೆ ಹೇಳಿದರೆ ಜನ ಬೇಡ ಎನ್ನಬಹುದು. ಆ ಸಾಧ್ಯತೆಯನ್ನು ತಪ್ಪಿಸಲು ಹೇಳದೇ ಇರುವುದು ಅವರ ಒಪ್ಪಿಗೆಯನ್ನು ಕದ್ದಂತೆ. ಮುಚ್ಚಿಟ್ಟರೆ ಗಾಬರಿ ಹುಟ್ಟುವುದಿಲ್ಲ ಎಂಬ ಲೆಕ್ಕವೂ ತಪ್ಪು. ಅದು ಮೂವತ್ತು ವರ್ಷ ಮುಂದಕ್ಕೆ ಹೋಗಿ, ಸಿಟ್ಟನ್ನೂ ಕೂಡಿಸಿಕೊಂಡು ಬರುತ್ತದೆ. ಈಗಂತೂ ಅಷ್ಟು ಕಾಲ ಅಡಗಿಸಿಡುವುದೂ ಕಷ್ಟ. 2017ರ ಶರತ್ಕಾಲದಲ್ಲಿ ಯುರೋಪಿನ ಅನೇಕ ದೇಶಗಳ ಗಾಳಿಯಲ್ಲಿ ರುಥೇನಿಯಂ-106 ಕಾಣಿಸಿತು. ಯಾವ ದೇಶವೂ ಬಿಟ್ಟೆವೆಂದು ಹೇಳಲಿಲ್ಲ. ಅಳತೆ ಕೇಂದ್ರಗಳ ಅಂಕಿ ಮತ್ತು ಗಾಳಿಯ ದಿಕ್ಕುಗಳನ್ನು ಕೂಡಿಸಿದ ವಿಜ್ಞಾನಿಗಳು ಅದರ ಮೂಲ ರಷ್ಯಾದ ದಕ್ಷಿಣ ಉರಾಲ್ ಪ್ರದೇಶದತ್ತ ಎಂದು 2019ರಲ್ಲಿ ತೋರಿಸಿದರು.

ಮಿತಿ ಸಡಿಲಿಸಿದರೆ ಆಗುವುದೇನು

ಅಮೆರಿಕದ ಮರುಪರಿಶೀಲನೆ ಈ ಚರ್ಚೆಯನ್ನು ಇನ್ನೊಂದು ದಿಕ್ಕಿನಿಂದ ತಟ್ಟುತ್ತದೆ. ವರದಿಯ ಮಿತಿಗಳು ನಿಂತಿರುವುದು ‘ಕಡಿಮೆ ವಿಕಿರಣಕ್ಕೂ ಕಡಿಮೆ ಅಪಾಯ ಇದೆ’ ಎಂಬ ಸೂತ್ರದ ಮೇಲೆ. ನಿರ್ದಿಷ್ಟ ಮಟ್ಟದ ಕೆಳಗೆ ಅಪಾಯವೇ ಇಲ್ಲ ಎಂದು ಒಪ್ಪಿದರೆ ಮಿತಿ ಮೇಲಕ್ಕೆ ಸರಿಯುತ್ತದೆ. ಮಿತಿ ಸರಿದಷ್ಟೂ ವರದಿಯಾಗದ ಬಿಡುಗಡೆಗಳು ಹೆಚ್ಚುತ್ತವೆ. ಆ ಸೂತ್ರದ ಬಗ್ಗೆ ವಿಜ್ಞಾನಿಗಳಲ್ಲೇ ಭಿನ್ನಮತವಿದೆ. ಬಹಳ ಸಣ್ಣ ಪ್ರಮಾಣದ ಪರಿಣಾಮವನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ ಅದು ಸುಲಭಕ್ಕೆ ಇತ್ಯರ್ಥವಾಗುವುದಿಲ್ಲ. ಆದರೆ ಅಪಾಯದ ಮಿತಿಯನ್ನೂ ತಿಳಿಸುವ ಮಿತಿಯನ್ನೂ ಒಂದಕ್ಕೊಂದು ಕಟ್ಟಿಹಾಕಬೇಕಾದ ಅಗತ್ಯವೇ ಇಲ್ಲ. ಅಪಾಯ ಶೂನ್ಯವಾದರೂ ತನ್ನ ಹೊಲದಲ್ಲಿ ಏನು ಇಳಿಸಿದರೆಂದು ತಿಳಿಯುವ ಹಕ್ಕು ರೈತನಿಗೆ ಉಳಿದೇ ಇರುತ್ತದೆ.

ಭಾರತದಲ್ಲಿ ಎಲ್ಲವೂ ಹೊಸ ಕಾಯ್ದೆಯಡಿ ಬರುವ ನಿಯಮಗಳ ಮೇಲೆ ನಿಂತಿದೆ. ಕಾಯ್ದೆಯಲ್ಲಿ ಪರವಾನಗಿ ಒಂದು, ಸುರಕ್ಷತಾ ಅನುಮತಿ ಇನ್ನೊಂದು. ಮೊದಲನೆಯದರಿಂದ ವಿನಾಯಿತಿ ಸಿಕ್ಕಿದ ಮಾತ್ರಕ್ಕೆ ಎರಡನೆಯದು ಬೇಡವೆಂದು ಓದಿಕೊಳ್ಳಬಾರದು. ಇದನ್ನು ನಿಯಮಗಳು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಬೇಕು. ‘ನಿರ್ಬಂಧಿತ ಮಾಹಿತಿ’ಯ ವ್ಯಾಖ್ಯೆಯೊಳಗೆ ಪರಿಸರಕ್ಕೆ ಬಿಟ್ಟ ವಸ್ತುವಿನ ವಿವರ ಸೇರದಂತೆ ನೋಡಿಕೊಳ್ಳಬೇಕು. ಸೇರಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಉಳಿಯುವುದು ಅಲಾಸ್ಕದಂತೆ ಯಾರೋ ಒಬ್ಬ ಸಂಶೋಧಕರ ಕಣ್ಣಿಗೆ ಕಡತ ಬೀಳುವ ಅದೃಷ್ಟ ಮಾತ್ರ.

ಕೆಲಸ ಶುರುವಾಗುವ ಮುನ್ನ ಗ್ರಾಮಸಭೆಯಲ್ಲಿ ಆಯಾ ಭಾಷೆಯಲ್ಲಿ ವಿವರಿಸುವುದು, ಯಾವ ಐಸೊಟೋಪು, ಎಷ್ಟು, ಎಷ್ಟು ಕಾಲ ಉಳಿಯುತ್ತದೆ ಎಂದು ಪಂಚಾಯಿತಿಗೆ ಬರಹದಲ್ಲಿ ಕೊಡುವುದು, ಮುಗಿದ ಮೇಲೆ ಅಳೆದ ಅಂಕಿಯನ್ನು ಅಲ್ಲಿಗೇ ತಲುಪಿಸುವುದು ದುಬಾರಿಯ ಕೆಲಸವಲ್ಲ. ದಾಖಲೆ ಉಳಿಯುವ ಬಗೆಗೂ ನಮ್ಮಲ್ಲಿ ಮಾದರಿ ಇದೆ. ಕರ್ನಾಟಕದಲ್ಲಿ ಜಮೀನಿನ ಮೇಲೆ ಬ್ಯಾಂಕಿನ ಸಾಲ ಇದ್ದರೆ ಅದು ಪಹಣಿಯಲ್ಲಿ ನಮೂದಾಗುತ್ತದೆ. ಅಧಿಕಾರಿ ವರ್ಗವಾದರೂ ವ್ಯವಸ್ಥಾಪಕರು ನಿವೃತ್ತರಾದರೂ ಸಾಲ ತೀರುವವರೆಗೆ ಆ ನಮೂದು ಅಳಿಯುವುದಿಲ್ಲ. ದೀರ್ಘಾಯುವಿನ ಐಸೊಟೋಪು ಇಳಿಸಿದ ಸರ್ವೆ ನಂಬರಿಗೂ ಅಂಥದೇ ಒಂದು ನಮೂದು ಇರಬಹುದು. ಟ್ರಿಟಿಯಂನ ಅರ್ಧಾಯು ಹನ್ನೆರಡು ವರ್ಷ ದಾಟುತ್ತದೆ. ಅಷ್ಟರಲ್ಲಿ ಹೊಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿರಬಹುದು, ಅಲ್ಲೇ ಒಂದು ಕೊಳವೆಬಾವಿ ಕೊರೆಸಿರಬಹುದು.